ಚರ್ಮಕ್ಕೆ ಕತ್ತರಿ ಹಾಕುವ ವೈದ್ಯರು ಏನೇನು ಕಲಿತಿರುತ್ತಾರೆ?

ಮಚ್ಚೆ ತೆಗೆಯುವುದು, ತೊನ್ನಿನ ಜಾಗಕ್ಕೆ ಚರ್ಮ ಕಸಿ ಮಾಡುವುದು, ತಲೆಗೆ ಕೂದಲು ನಾಟಿ ಮಾಡುವುದು ಇವೆಲ್ಲ ಡರ್ಮಟೋಸರ್ಜರಿ, ಅಂದರೆ ಚರ್ಮದ ಶಸ್ತ್ರಚಿಕಿತ್ಸೆ. ‘ಚರ್ಮದ ಡಾಕ್ಟರು ಎಂ.ಡಿ. ಓದಿದವರು, ಸರ್ಜನ್ ಅಲ್ಲವಲ್ಲ, ಆಪರೇಷನ್ ಮಾಡಬಹುದೇ?’ ಎಂದು ನೀವು ಕೇಳಬಹುದು. ತರಬೇತಿ ಪಡೆದಿದ್ದರೆ ಖಂಡಿತ ಮಾಡಬಹುದು. ಆ ತರಬೇತಿಯ ಬುನಾದಿ ಎಂಬಿಬಿಎಸ್‌ನಲ್ಲೇ ಬಿದ್ದಿರುತ್ತದೆ.

ಎಂಬಿಬಿಎಸ್ ಎಂದರೆ ನಾಲ್ಕೂವರೆ ವರ್ಷದ ಓದು, ಆಮೇಲೆ 1 ವರ್ಷದ ಹೌಸ್‌ಸರ್ಜನ್ಸಿ, ಅಂದರೆ ಆಸ್ಪತ್ರೆಯಲ್ಲಿ ಕಡ್ಡಾಯ ಕೆಲಸ. ಮೊದಲ ವರ್ಷವೇ ಅನಾಟಮಿ, ಅಂದರೆ ದೇಹರಚನೆಯ ಪಾಠ. ಉದಾಹರಣೆಗೆ, ಕಣತಲೆಯಲ್ಲಿ ಹುಬ್ಬನ್ನು ಮೇಲೆತ್ತುವ ನರ ಚರ್ಮದಿಂದ ತುಸುವೇ ಕೆಳಗೆ ಹಾದುಹೋಗುತ್ತದೆ. ಅಲ್ಲಿನ ಗಂಟು ತೆಗೆಯುವಾಗ ಈ ನರ ತುಂಡಾದರೆ ಹುಬ್ಬು ಜೋತುಬೀಳುತ್ತದೆ. ಔಷಧಶಾಸ್ತ್ರ ಓದುವಾಗ ಮರಗಟ್ಟಿಸುವ ಲಿಗ್ನೋಕೇನ್ ಇಂಜೆಕ್ಷನ್ನಿನ ಮಿತಿ ತಿಳಿಯುತ್ತದೆ: ದೇಹತೂಕದ ಪ್ರತಿ ಕೆ.ಜಿ.ಗೆ ಸುಮಾರು 4.5 ಮಿ.ಗ್ರಾಂ, ಅಡ್ರಿನಲಿನ್ ಬೆರೆಸಿದ್ದರೆ 7 ಮಿ.ಗ್ರಾಂ. ಗಾಯಕ್ಕೆ ಹೊಲಿಗೆ ಹಾಕಿ ಕೈ ಪಳಗುವುದು ಹೌಸ್‌ಸರ್ಜನ್ಸಿಯಲ್ಲಿ.

ನಂತರ ನೀಟ್ ಪಿಜಿ ಪ್ರವೇಶ ಪರೀಕ್ಷೆ ಬರೆದು ಚರ್ಮರೋಗ ವಿಭಾಗದಲ್ಲಿ 3 ವರ್ಷ ಎಂ.ಡಿ. ಮಾಡಬೇಕು. ಯಾವಾಗ ಆಪರೇಷನ್ ಮಾಡಬಾರದು ಎಂಬುದನ್ನೂ ಇಲ್ಲಿ ಕಲಿಯುತ್ತಾರೆ. ತೊನ್ನು ಹರಡುತ್ತಿರುವಾಗ ಕಸಿ ಮಾಡಿದರೆ ಗಾಯವಾದ ಜಾಗವೇ ಬೆಳ್ಳಗಾಗಬಹುದು. ಹಾಗಾಗಿ ಸಾಮಾನ್ಯವಾಗಿ ಒಂದು ವರ್ಷವಾದರೂ ಹೊಸ ಕಲೆ ಬಂದಿರಬಾರದು. ಕ್ಯಾನ್ಸರ್ ಅನುಮಾನವಿರುವ ಮಚ್ಚೆಯನ್ನು ಲೇಸರಿನಿಂದ ಸುಡುವುದಿಲ್ಲ, ಮೊದಲು ಬಯಾಪ್ಸಿಗೆ, ಅಂದರೆ ತುಣುಕು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಇನ್ನೂ ಪಳಗಬೇಕೆನ್ನುವವರು ಎಂ.ಡಿ. ಮುಗಿಸಿ ಡರ್ಮಟೋಸರ್ಜರಿ ಫೆಲೋಶಿಪ್ ಮಾಡುತ್ತಾರೆ.

ವಾರಾಂತ್ಯದ ಕಾರ್ಯಾಗಾರ ಸಾಲದೇ? ಸಾಲದು. ಕಾರ್ಯಾಗಾರ ಅಥವಾ ಯೂಟ್ಯೂಬ್ ನೋಡಿದ್ದನ್ನೇ ತರಬೇತಿ ಎನ್ನಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಇನ್ನು ಈ ಆಪರೇಷನ್ನುಗಳ ಖರ್ಚು ಕಲೆಯ ಅಗಲ, ವಿಧಾನ, ಆಸ್ಪತ್ರೆ ನೋಡಿಕೊಂಡು ಬದಲಾಗುತ್ತದೆ. ಕೂದಲು ನಾಟಿಗೆ ಹೆಚ್ಚಾಗಿ ಗ್ರಾಫ್ಟ್, ಅಂದರೆ ನೆಡುವ ಬುಡಗಳ ಲೆಕ್ಕದಲ್ಲಿ ದರ. ಬರೀ ಅಂದಕ್ಕಾಗಿ ಮಾಡಿಸಿದರೆ ವಿಮೆ ಸಾಮಾನ್ಯವಾಗಿ ಸಿಗುವುದಿಲ್ಲ. ಹಣದ ಚಿಂತೆಯಿದ್ದರೆ ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್, ಮೈಸೂರಿನ ಕೆ.ಆರ್. ಆಸ್ಪತ್ರೆ ಅಥವಾ ಹುಬ್ಬಳ್ಳಿಯ ಕೆಎಂಸಿಆರ್‌ಐನ (ಹಿಂದಿನ ಕಿಮ್ಸ್) ಚರ್ಮರೋಗ ವಿಭಾಗದಲ್ಲಿ ಮೊದಲು ತೋರಿಸಿ.

ಎಲ್ಲಿಗೇ ಹೋದರೂ ವೈದ್ಯರ ನೋಂದಣಿ ಸಂಖ್ಯೆ ಬರೆದುಕೊಳ್ಳಿ. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಅದನ್ನು ಪರಿಶೀಲಿಸಿ. ಈ ಆಪರೇಷನ್ ಎಲ್ಲಿ ಕಲಿತಿರಿ ಎಂದು ಅವರನ್ನೇ ಕೇಳಿ. ಸರಿಯಾಗಿ ಕಲಿತವರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ.