ಕಿತ್ತಳೆಯ ಹಳದಿ ಚಿಗುರಿನ ವ್ಯಾಧಿಯೂ ನೂತನ ಔಷಧಗಳ ಅನ್ವೇಷಣವೂ

ನಿಂಬೆಯ ಜಾತಿಯ ಗಿಡಗಳನ್ನು ಪೀಡಿಸುವ ಬ್ಯಾಕ್ಟೀರಿಯಾಜನ್ಯ ವ್ಯಾಧಿಗಳಲ್ಲಿ ಎರಡು ಮುಖ್ಯವಾದುವು. ಒಂದು ಕಜ್ಜಿರೋಗ, ಮತ್ತೊಂದು ಹ್ವಾಂಗ್‌ಲಾಂಗ್‌ಬಿಂಗ್. ಈ ಚೀನೀ ಶಬ್ದಕ್ಕೆ ಹಳದಿ ಚಿಗುರಿನ ವ್ಯಾಧಿಯೆಂದು ಅರ್ಥ. ಕಜ್ಜಿಯ ಜೀವಾಣುಗಳು ಎಲೆಕಾಯಿಗಳ ಹೊರಮೈಯಿಂದ ಒಳಹೊಗುವುವಾದುದರಿಂದ, ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಸಿಂಪಡಿಸಿ ಅವನ್ನು ಬಹುಮಟ್ಟಿಗೆ ತಡೆಯಬಹುದು. ಎರಡನೆಯದಕ್ಕೆ ಈ ಉಪಾಯವು ನಿಷ್ಫಲವಾಗಿದೆ.

ಕಾರಣವೇನೆಂದರೆ, ಲಿಬರಿಬ್ಯಾಕ್ಟರ್ ಎಂಬ ಇದರ ಜೀವಾಣುವು ಫ್ಲೋಯಂ ಎಂಬ ಆಹಾರನಾಳಗಳೊಳಗೆ ವಾಸಿಸುತ್ತದೆ. ಸಿಲಿಡ್ ಎಂಬ ಸಣ್ಣ ಕೀಟವು ರಸವನ್ನು ಹೀರುವಾಗ ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. ಅಮೆರಿಕದ ಫ್ಲೋರಿಡಾದಲ್ಲಿ ಈ ವ್ಯಾಧಿಯು 2005ರಲ್ಲಿ ಕಾಣಿಸಿಕೊಂಡಿತು. 2003-04ರಲ್ಲಿ ಅಲ್ಲಿ ಸುಮಾರು 24 ಕೋಟಿ ಪೆಟ್ಟಿಗೆಗಳಷ್ಟಿದ್ದ ಕಿತ್ತಳೆಯ ಫಸಲು 2022-23ರಲ್ಲಿ 1 ಕೋಟಿ 60 ಲಕ್ಷಕ್ಕಿಂತಲೂ ಕೆಳಗಿಳಿಯಿತು. ಬಿರುಗಾಳಿಗಳೂ ಇದಕ್ಕೆ ಕಾರಣವಾದರೂ ವ್ಯಾಧಿಯೇ ಪ್ರಧಾನವು.

ಮನುಷ್ಯರ ಚಿಕಿತ್ಸೆಯಲ್ಲಿ ಬಳಸುವ ಆಕ್ಸಿಟೆಟ್ರಾಸೈಕ್ಲಿನ್ ಔಷಧವನ್ನು ಕಾಂಡಕ್ಕೆ ಚುಚ್ಚಿ ಸೇರಿಸಲು ಅಲ್ಲಿ 2022ರಲ್ಲಿ ಅನುಮತಿ ದೊರೆಯಿತು. ಇದರಿಂದ ಜೀವಾಣುಗಳ ಸಂಖ್ಯೆಯು ಕುಗ್ಗುವುದಾದರೂ ಅವು ನಿರ್ಮೂಲವಾಗುವುದಿಲ್ಲ. ಚಿಕಿತ್ಸೆಯನ್ನು ಮತ್ತೆ ಮಾಡಬೇಕಾಗುತ್ತದೆ. ಅಲ್ಲದೆ, ಇಂತಹ ಔಷಧಗಳ ಬಳಕೆ ಹೆಚ್ಚಿದಂತೆ ಅವಕ್ಕೆ ಬಗ್ಗದ ಜೀವಾಣುಗಳು ತಲೆಯೆತ್ತುವ ಭಯವುಂಟು.

ಆದುದರಿಂದ ಹೊಸ ದ್ರವ್ಯಗಳು ಬೇಕಾಗಿವೆ. ಆದರೆ ಅವುಗಳ ಪರೀಕ್ಷೆಯೇ ಕಷ್ಟ. ಸಾಮಾನ್ಯವಾಗಿ ಜೀವಾಣುವನ್ನು ಪ್ರಯೋಗಶಾಲೆಯಲ್ಲಿ ಪ್ರತ್ಯೇಕವಾಗಿ ಬೆಳೆಸಿ, ಅದರ ಮೇಲೆ ದ್ರವ್ಯದ ಪರಿಣಾಮವನ್ನು ನೋಡುವುದು ಪದ್ಧತಿ. ಈ ಜೀವಾಣುವನ್ನು ಹಾಗೆ ಶುದ್ಧವಾಗಿ ಬೆಳೆಸಿ ಉಳಿಸಿಕೊಳ್ಳುವುದು ಸಾಧ್ಯವಾಗಿಲ್ಲ. ಆದಕಾರಣ, ಪರಂಗಿಯ ವರ್ಗದ ಗಿಡದಲ್ಲಿ ದೊರೆತ, ಬೆಳೆಸಲು ಬರುವ ಅದರ ಜ್ಞಾತಿಯಾದ ಲಿಬರಿಬ್ಯಾಕ್ಟರ್ ಕ್ರೆಸೆನ್ಸ್ ಎಂಬುದರ ಮೇಲೆ ಮೊದಲು ಪ್ರಯೋಗಿಸಿ, ಬಳಿಕ ರೋಗಪೀಡಿತ ಗಿಡಗಳಲ್ಲಿ ಪರೀಕ್ಷಿಸುತ್ತಾರೆ.

ಮತ್ತೊಂದು ಮಾರ್ಗವೂ ಉಂಟು. ಆಸ್ಟ್ರೇಲಿಯದ ಬೆರಳುನಿಂಬೆಯು ಈ ವ್ಯಾಧಿಯನ್ನು ತಾಳಿಕೊಳ್ಳಬಲ್ಲುದು. ಅದರಲ್ಲಿ ಕಂಡುಬಂದ ಒಂದು ಕಿರಿಯ ಪ್ರೋಟೀನು ಜೀವಾಣುವನ್ನು ಕೊಲ್ಲುವುದಲ್ಲದೆ ಗಿಡದ ಸ್ವಂತ ರಕ್ಷಣಾಶಕ್ತಿಯನ್ನೂ ಉದ್ದೀಪಿಸುವುದೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಶಾಖೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದರು. ಅದು ಬಿಸಿಲಿನ ತಾಪಕ್ಕೆ ಕೆಡದಿರುವುದು ವಿಶೇಷ ಗುಣ.

ಜೀವಾಣುವನ್ನು ಕೊಲ್ಲಬಲ್ಲ ದ್ರವ್ಯಗಳು ಅಪರೂಪವಲ್ಲ. ಆಹಾರನಾಳವನ್ನು ಮುಟ್ಟಿ, ಅಲ್ಲಿ ನಿಂತು, ಗಿಡಕ್ಕೂ ಹಣ್ಣು ತಿನ್ನುವವರಿಗೂ ಹಾನಿ ಮಾಡದಿರುವ ದ್ರವ್ಯವೇ ದುರ್ಲಭ. ಕೊಡಗಿನ ಕಿತ್ತಳೆಯ ಕ್ಷಯಕ್ಕೂ ಈ ವ್ಯಾಧಿಯು ಒಂದು ಕಾರಣವಾಗಿರುವುದರಿಂದ, ಈ ಅನ್ವೇಷಣದ ಫಲವು ಕನ್ನಡನಾಡಿಗೂ ಸಂಬಂಧಿಸಿದ್ದಾಗಿದೆ.