ಓವನ್ ಒಂದು, ತಿಂಡಿ ಎರಡು: ಲೀನಿಯರ್ ಪ್ರೋಗ್ರಾಮಿಂಗ್ ಬಗೆಗಿನ ತಪ್ಪು ಕಲ್ಪನೆಗಳು

ಪಿಯುಸಿಯಲ್ಲಿ ಲೀನಿಯರ್ ಪ್ರೋಗ್ರಾಮಿಂಗ್ ಓದಿದವರು ಗ್ರಾಫ್ ಎಳೆದು, ಮೂಲೆಬಿಂದು ಹುಡುಕಿ, ಅಂಕ ಪಡೆದು ಮರೆತಿರುತ್ತಾರೆ. ಅಲ್ಲಿ ಸಮಸ್ಯೆಯನ್ನು ಬೇರೆ ಯಾರೋ ಬರೆದು ಕೊಟ್ಟಿರುತ್ತಾರೆ. ವ್ಯಾಪಾರದಲ್ಲಿ ಅದನ್ನು ನಾವೇ ಬರೆದುಕೊಳ್ಳಬೇಕು. ಬಿಡಿಸುವ ಕೆಲಸವನ್ನು ಎಕ್ಸೆಲ್‌ನ ಸಾಲ್ವರ್ ಕ್ಷಣದಲ್ಲಿ ಮುಗಿಸುತ್ತದೆ. ಜನ ಎಡವುವುದು ಬರೆಯುವ ಹಂತದಲ್ಲಿ.

ತಪ್ಪು ಕಲ್ಪನೆ 1: ಇದು ಗಣಿತಜ್ಞರ ಆಟ, ಕಾರ್ಖಾನೆ-ಅಂಗಡಿಗಳಿಗೆ ಸಂಬಂಧವಿಲ್ಲ.

ವಾಸ್ತವ: ಇದು ಹುಟ್ಟಿದ್ದೇ ಕಾರ್ಖಾನೆಯ ಪ್ರಶ್ನೆಯಿಂದ. ಯಾವ ಯಂತ್ರಕ್ಕೆ ಯಾವ ಮರ ಹಾಕಿದರೆ ಹೆಚ್ಚು ಕೆಲಸ ಸಾಗುತ್ತದೆ ಎಂದು ಸೋವಿಯತ್ ಒಕ್ಕೂಟದ ಪ್ಲೈವುಡ್ ಉದ್ಯಮದವರು ಕೇಳಿದ್ದಕ್ಕೆ ಲಿಯೊನಿಡ್ ಕಾಂಟೊರೊವಿಚ್ ಉತ್ತರ ಹುಡುಕಿ 1939ರಲ್ಲಿ ಪ್ರಕಟಿಸಿದರು. 1975ರಲ್ಲಿ ಅವರಿಗೂ ಟ್ಯಾಲಿಂಗ್ ಕೂಪ್‌ಮನ್ಸ್‌ಗೂ ಅರ್ಥಶಾಸ್ತ್ರದ ನೊಬೆಲ್ ಬಂತು. ಇಂಥ ಸಮಸ್ಯೆ ಬಿಡಿಸುವ ಸಿಂಪ್ಲೆಕ್ಸ್ ವಿಧಾನವನ್ನು ಅಮೆರಿಕದ ಜಾರ್ಜ್ ಡಾಂಟ್ಜಿಗ್ 1947ರಲ್ಲಿ ರೂಪಿಸಿದರು.

ತಪ್ಪು ಕಲ್ಪನೆ 2: ಯಾವುದರಲ್ಲಿ ಲಾಭ ಹೆಚ್ಚೋ ಅದನ್ನೇ ಮಾಡಿದರಾಯಿತು.

ವಾಸ್ತವ: ಒಂದು ಬೇಕರಿಯ ಲೆಕ್ಕ ಹಾಕೋಣ. ಒಂದು ಟ್ರೇ ಬ್ರೆಡ್‌ನಿಂದ 150 ರೂಪಾಯಿ, ಒಂದು ಟ್ರೇ ದಿಲ್‌ಪಸಂದ್‌ನಿಂದ 200 ರೂಪಾಯಿ ಉಳಿಯುತ್ತದೆ. ಬ್ರೆಡ್‌ಗೆ ಓವನ್‌ನಲ್ಲಿ 40 ನಿಮಿಷ, ಕೈಕೆಲಸ 20 ನಿಮಿಷ. ದಿಲ್‌ಪಸಂದ್‌ಗೆ ಓವನ್‌ನಲ್ಲಿ 20 ನಿಮಿಷ ಸಾಕು, ಆದರೆ ಹೂರಣ ತುಂಬಬೇಕಾದ್ದರಿಂದ ಕೈಕೆಲಸ 40 ನಿಮಿಷ. ಓವನ್‌ನಲ್ಲಿ ಒಮ್ಮೆಗೆ ಎರಡು ಟ್ರೇ ಹಿಡಿಸುತ್ತವೆ, ಕೆಲಸಗಾರರು ಇಬ್ಬರು, ದಿನಕ್ಕೆ 10 ಗಂಟೆ ಕೆಲಸ. ಹಾಗಾಗಿ ಎರಡೂ ಕಡೆ 1,200 ನಿಮಿಷ ಸಿಗುತ್ತದೆ.

ಬ್ರೆಡ್ ಮಾತ್ರ ಮಾಡಿದರೆ 30 ಟ್ರೇ, 4,500 ರೂಪಾಯಿ. ದಿಲ್‌ಪಸಂದ್ ಮಾತ್ರ ಮಾಡಿದರೂ 30 ಟ್ರೇ, 6,000 ರೂಪಾಯಿ. ಓವನ್ ಅರ್ಧ ದಿನ ಖಾಲಿ. ಎರಡನ್ನೂ 20-20 ಟ್ರೇ ಮಾಡಿದರೆ 7,000 ರೂಪಾಯಿ. ಯಾವ ತಿಂಡಿಯಲ್ಲಿ ಲಾಭ ಹೆಚ್ಚು ಎಂಬುದಷ್ಟೇ ಸಾಲದು. ಅದು ಯಾವ ಕೊರತೆಯ ವಸ್ತುವನ್ನು ಎಷ್ಟು ನುಂಗುತ್ತದೆ ಎಂಬುದೂ ಮುಖ್ಯ.

ತಪ್ಪು ಕಲ್ಪನೆ 3: ಬಾಡಿಗೆ, ಸಂಬಳವನ್ನೂ ಪ್ರತಿ ಟ್ರೇ ಮೇಲೆ ಹಂಚಿ ಲಾಭ ಬರೆಯಬೇಕು.

ವಾಸ್ತವ: ಏನು ಮಾಡಿದರೂ ಬದಲಾಗದ ಖರ್ಚು ಈ ತೀರ್ಮಾನಕ್ಕೆ ಬೇಡ. ದಿನದ ಬಾಡಿಗೆ, ಸಂಬಳ ಸೇರಿ 3,000 ರೂಪಾಯಿ ಎಂದುಕೊಳ್ಳಿ. 30 ಟ್ರೇಗೆ ಹಂಚಿ ತಲಾ 100 ಕಳೆದರೆ ಬ್ರೆಡ್‌ಗೆ 50, ದಿಲ್‌ಪಸಂದ್‌ಗೆ 100 ಉಳಿಯುತ್ತದೆ. ಆಗ 20-20 ಮಾಡಿದರೂ 3,000, ದಿಲ್‌ಪಸಂದ್ ಮಾತ್ರ ಮಾಡಿದರೂ 3,000. ಎರಡೂ ಒಂದೇ ಎನಿಸುತ್ತದೆ. ಗಲ್ಲಾಪೆಟ್ಟಿಗೆಯಲ್ಲಿ ಮಾತ್ರ ದಿನಕ್ಕೆ ಸಾವಿರ ರೂಪಾಯಿ ವ್ಯತ್ಯಾಸ.

ತಪ್ಪು ಕಲ್ಪನೆ 4: ಎಲ್ಲರಿಗೂ ಗೊತ್ತಿರುವ ಮಿತಿಯನ್ನು ಬರೆಯಬೇಕಿಲ್ಲ.

ವಾಸ್ತವ: ಬರೆಯದ್ದು ಲೆಕ್ಕಕ್ಕೆ ಗೊತ್ತಿಲ್ಲ. ಡಾಂಟ್ಜಿಗ್ ತೂಕ ಇಳಿಸಿಕೊಳ್ಳಲು ತಮ್ಮ ಊಟವನ್ನೇ ಹೀಗೆ ಲೆಕ್ಕಕ್ಕೆ ಇಳಿಸಿದ್ದರು. ಹೊಟ್ಟೆ ತುಂಬಿದಂತಿರಲು, ನೀರಿನಂಶ ಬಿಟ್ಟು ಉಳಿದ ತೂಕ ಗರಿಷ್ಠವಾಗಲಿ ಎಂಬುದು ಗುರಿ. ಕಂಪ್ಯೂಟರ್ ಸೂಚಿಸಿದ ಊಟದಲ್ಲಿ 500 ಗ್ಯಾಲನ್ ವಿನೆಗರ್ ಇತ್ತು! ಪಟ್ಟಿಯಲ್ಲಿ ವಿನೆಗರ್‌ನ ನೀರಿನಂಶ ಸೊನ್ನೆ ಎಂದಿತ್ತು, ಎಷ್ಟು ಕುಡಿಯಬಹುದೆಂಬ ಮೇಲ್ಮಿತಿಯೂ ಇರಲಿಲ್ಲ. ನಮ್ಮ ಬೇಕರಿಯಲ್ಲೂ ದಿನಕ್ಕೆ 15 ಟ್ರೇ ದಿಲ್‌ಪಸಂದ್ ಮಾತ್ರ ಖರ್ಚಾಗುವುದಾದರೆ ಅದನ್ನೂ ಬರೆಯಬೇಕು. ಇಲ್ಲವಾದರೆ ಐದು ಟ್ರೇ ಹಳಸುತ್ತವೆ.

ತಪ್ಪು ಕಲ್ಪನೆ 5: ಭಿನ್ನರಾಶಿ ಬಂದರೆ ಹತ್ತಿರದ ಪೂರ್ಣಾಂಕಕ್ಕೆ ಸರಿಹೊಂದಿಸಿದರಾಯಿತು.

ವಾಸ್ತವ: 15 ಟ್ರೇ ಮಿತಿ ಹಾಕಿದೊಡನೆ ಬ್ರೆಡ್‌ನ ಉತ್ತರ 22.5 ಟ್ರೇ ಎಂದು ಬರುತ್ತದೆ. ಅದನ್ನು 23 ಮಾಡಿದರೆ ಓವನ್ ಸಮಯ 20 ನಿಮಿಷ ಮೀರುತ್ತದೆ. ಇಲ್ಲಿ 22ಕ್ಕೆ ಇಳಿದರೆ ಸಾಕು. ಆದರೆ ಹೊಸ ಓವನ್ ಕೊಳ್ಳಬೇಕೇ ಬೇಡವೇ ಎಂಬಂಥ ಪ್ರಶ್ನೆಗೆ ಅರ್ಧ ಓವನ್ ಎಂಬ ಉತ್ತರ ಉಪಯೋಗಕ್ಕೆ ಬಾರದು. ಅಲ್ಲಿ ಪೂರ್ಣಾಂಕವೇ ಬರಬೇಕೆಂಬ ಷರತ್ತನ್ನು ಮೊದಲೇ ಸೇರಿಸಬೇಕು. ಸಾಲ್ವರ್‌ನಲ್ಲಿ ಅದಕ್ಕೂ ಅವಕಾಶವಿದೆ.

ತಪ್ಪು ಕಲ್ಪನೆ 6: ಉತ್ತರ ಬಂತೆಂದರೆ ಕೆಲಸ ಮುಗಿಯಿತು.

ವಾಸ್ತವ: ಕೊರತೆಯ ವಸ್ತು ಇನ್ನೊಂದಿಷ್ಟು ಸಿಕ್ಕರೆ ಲಾಭ ಎಷ್ಟು ಏರುತ್ತದೆ ಎಂಬುದನ್ನೂ ಈ ಲೆಕ್ಕ ಹೇಳುತ್ತದೆ. ಇದಕ್ಕೆ ಶ್ಯಾಡೋ ಪ್ರೈಸ್ ಎನ್ನುತ್ತಾರೆ. ಮೊದಲಿನ 20-20 ಲೆಕ್ಕದಲ್ಲಿ ಒಂದು ಗಂಟೆ ಕೈಕೆಲಸ ಹೆಚ್ಚಾದರೆ 19 ಟ್ರೇ ಬ್ರೆಡ್, 22 ಟ್ರೇ ದಿಲ್‌ಪಸಂದ್ ಆಗಿ ಲಾಭ 7,250ಕ್ಕೆ ಏರುತ್ತದೆ. ಅಂದರೆ ಆ ಗಂಟೆಯ ಬೆಲೆ 250 ರೂಪಾಯಿ. ಓವನ್‌ನಲ್ಲಿ ಒಂದು ಟ್ರೇ ಜಾಗ ಒಂದು ಗಂಟೆ ಹೆಚ್ಚು ಸಿಕ್ಕರೆ ಬರುವುದು 100 ರೂಪಾಯಿ ಮಾತ್ರ. ಈ ಬೆಲೆಗೂ ಎಲ್ಲೆಯಿದೆ: ಬೇಡಿಕೆ ಎಷ್ಟಿದ್ದರೂ ಕೈಕೆಲಸ 40 ಗಂಟೆ ದಾಟಿದ ಮೇಲೆ ಓವನ್ ಪೂರ್ತಿ ದಿಲ್‌ಪಸಂದ್‌ನಿಂದ ತುಂಬಿರುತ್ತದೆ, ಮುಂದಿನ ಗಂಟೆಯ ಬೆಲೆ ಸೊನ್ನೆ. ಆ ಎಲ್ಲೆಯೊಳಗೆ ಗಂಟೆಗೆ 120 ರೂಪಾಯಿ ಕೇಳುವ ಸಹಾಯಕನನ್ನು ಇಟ್ಟುಕೊಳ್ಳಬಹುದು. ಅದೇ ದರಕ್ಕೆ ಓವನ್‌ನ ಜಾಗ ಬಾಡಿಗೆಗೆ ಸಿಕ್ಕರೂ ಬೇಡ ಎನ್ನಬಹುದು.