ಹಿಕ್ಕೆ ಹೇಳುವ ಕೋಳಿಯ ಕಾಯಿಲೆ

ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬುದು ನಮ್ಮಲ್ಲಿ ಬಳಕೆಯ ಮಾತು. ಆದರೆ ಕಾಯಿಲೆಯ ವಿಷಯದಲ್ಲಿ ಮಾತ್ರ ಕೋಳಿಯನ್ನೇ ಕೇಳಬೇಕು. ಅದು ಬಾಯಿಬಿಟ್ಟು ಹೇಳದಿದ್ದರೂ ಹಿಕ್ಕೆಯ ಮೂಲಕ ಹೇಳುತ್ತದೆ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ ಎರಡು ನಿಮಿಷ ನೆಲ ನೋಡುವ ಅಭ್ಯಾಸವಿದ್ದರೆ ಎಷ್ಟೋ ಕೋಳಿಗಳನ್ನು ಉಳಿಸಿಕೊಳ್ಳಬಹುದು.

ಹಿತ್ತಲಲ್ಲಿ ಹತ್ತು ಕೋಳಿ ಸಾಕುವುದು ನಮ್ಮ ಹಳ್ಳಿಗಳಲ್ಲಿ ಬಹುಮಟ್ಟಿಗೆ ಹೆಂಗಸರ ವ್ಯವಹಾರ. ಮೊಟ್ಟೆ ಮಾರಿದ ದುಡ್ಡು ಮಕ್ಕಳ ನೋಟ್ ಪುಸ್ತಕಕ್ಕೆ, ಹುಂಜ ಮಾರಿದ ದುಡ್ಡು ಹಬ್ಬದ ಖರ್ಚಿಗೆ. ಇಂಥ ಮನೆಯಲ್ಲಿ ವಾರದೊಳಗೆ ಗೂಡು ಬರಿದಾದರೆ ಆ ನಷ್ಟ ಸಣ್ಣದಲ್ಲ.

ಹಲ್ಲಿಲ್ಲದ ಹೊಟ್ಟೆ

ಕೋಳಿಗೆ ಹಲ್ಲಿಲ್ಲ. ನುಂಗಿದ ಕಾಳು ಮೊದಲು ಕುತ್ತಿಗೆಯ ಬುಡದ ಚೀಲದಲ್ಲಿ ನೆನೆಯುತ್ತದೆ. ಇದನ್ನು ಮೇವಿನ ಚೀಲ ಎನ್ನೋಣ. ಅಲ್ಲಿಂದ ಜಠರಕ್ಕೆ, ಆಮೇಲೆ ಗಟ್ಟಿ ಸ್ನಾಯುವಿನ ಇನ್ನೊಂದು ಚೀಲಕ್ಕೆ ಹೋಗುತ್ತದೆ. ಕೋಳಿ ಹೆಕ್ಕಿ ನುಂಗಿದ ಸಣ್ಣ ಕಲ್ಲುಗಳೇ ಅಲ್ಲಿ ಬೀಸುಕಲ್ಲಿನ ಕೆಲಸ ಮಾಡುತ್ತವೆ. ಕಟ್ಟಿಹಾಕಿ ಸಾಕುವವರು ಒಂದು ಹಿಡಿ ಗರಸು ಮರಳನ್ನು ಪಕ್ಕದಲ್ಲಿ ಇಡಬೇಕಾದದ್ದು ಇದಕ್ಕೇ.

ರಾತ್ರಿ ಗೂಡು ಸೇರುವಾಗ ಮೇವಿನ ಚೀಲ ತುಂಬಿರಬೇಕು, ಬೆಳಿಗ್ಗೆ ಖಾಲಿಯಾಗಿರಬೇಕು. ಬೆಳಿಗ್ಗೆಯೂ ಗಟ್ಟಿಯಾಗಿದ್ದರೆ ಉದ್ದನೆಯ ಹುಲ್ಲೋ ದಾರವೋ ಸಿಕ್ಕಿಕೊಂಡಿದೆ ಎಂದರ್ಥ. ಮೆತ್ತಗಿದ್ದು ಬಾಯಿಂದ ಹುಳಿ ವಾಸನೆ ಬಂದರೆ ಒಳಗೆ ಆಹಾರ ಹುಳಿತಿದೆ. ಅಂಥ ಕೋಳಿಯನ್ನು ತಲೆಕೆಳಗು ಹಿಡಿದು ಹಿಂಡುವವರಿದ್ದಾರೆ. ಆ ದ್ರವ ಶ್ವಾಸನಾಳಕ್ಕೆ ಇಳಿದರೆ ಕೋಳಿ ಕೈಯಲ್ಲೇ ಸಾಯುತ್ತದೆ. ಬೇರೆ ಇಟ್ಟು, ನೀರು ಕೊಟ್ಟು, ಚೀಲವನ್ನು ಮೃದುವಾಗಿ ನೀವಿ, ಪಶುವೈದ್ಯರಿಗೆ ತೋರಿಸುವುದು ಲೇಸು.

ಕಂದು, ಕೆಂಪು, ಹಸಿರು

ಆರೋಗ್ಯವಂತ ಕೋಳಿಯ ಹಿಕ್ಕೆ ಗಟ್ಟಿಯಾಗಿದ್ದು, ಮೇಲೆ ಸುಣ್ಣ ಬಳಿದಂತೆ ಬಿಳಿಯ ಲೇಪವಿರುತ್ತದೆ. ಈ ಬಿಳಿಯೇ ಅದರ ಮೂತ್ರ. ಕೋಳಿಗೆ ಎರಡಕ್ಕೂ ಒಂದೇ ದಾರಿ. ದಿನಕ್ಕೆ ಕೆಲವು ಬಾರಿ ಅಂಟಂಟಾದ ಕಂದು ಹಿಕ್ಕೆಯೂ ಬೀಳುತ್ತದೆ. ಅದನ್ನು ಕಂಡು ಭೇದಿಯೆಂದು ಗಾಬರಿಪಡಬೇಕಾಗಿಲ್ಲ.

ಮೂರರಿಂದ ಎಂಟು ವಾರದ ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡು, ಅವು ಗರಿ ಕೆದರಿ ಮುದುಡಿ ಕೂತರೆ ಮೊದಲ ಅನುಮಾನ ಕಾಕ್ಸಿಡಿಯೋಸಿಸ್ ಮೇಲೆ. ಐಮೀರಿಯಾ ಎಂಬ ಏಕಕೋಶ ಜೀವಿ ಕರುಳಿನ ಗೋಡೆಯನ್ನು ಹರಿದು ತರುವ ರೋಗವಿದು. ಇದರ ಮೊಟ್ಟೆಗಳು ಹಿಕ್ಕೆಯೊಡನೆ ನೆಲಕ್ಕೆ ಬಿದ್ದು, ತೇವ ಮತ್ತು ಬೆಚ್ಚನೆಯ ಹವೆ ಸಿಕ್ಕರೆ ಒಂದೆರಡು ದಿನದಲ್ಲೇ ಸೋಂಕಿಗೆ ಸಿದ್ಧವಾಗುತ್ತವೆ. ಮಳೆಗಾಲದಲ್ಲಿ ಮರಿಗಳು ಹೆಚ್ಚು ಸಾಯುವುದಕ್ಕೆ ಇದೂ ಒಂದು ಕಾರಣ. ಬೇಗ ಗುರುತಿಸಿದರೆ ಚಿಕಿತ್ಸೆಯಿದೆ. ನೀರಿಗೆ ಬೆರೆಸಿ ಕೊಡುವ ಆಂಪ್ರೋಲಿಯಂ ನೋಡಲು ಬಿ1 ಜೀವಸತ್ವದಂತೆಯೇ ಇದ್ದು, ರೋಗಾಣುವನ್ನು ಮೋಸಗೊಳಿಸಿ ಉಪವಾಸ ಕೆಡವುತ್ತದೆ. ಆದ್ದರಿಂದ ಆ ದಿನಗಳಲ್ಲಿ ಬಿ ಜೀವಸತ್ವದ ಟಾನಿಕ್ ಕೊಟ್ಟರೆ ಔಷಧದ ಬಲ ಕುಗ್ಗುತ್ತದೆ. ಔಷಧಕ್ಕಿಂತ ಮುಖ್ಯವಾದದ್ದು ಒಣ ನೆಲ.

ಹಸಿರು ಮಿಶ್ರಿತ ನೀರು ಭೇದಿಯೊಡನೆ ಬಾಯಿತೆರೆದು ಉಸಿರಾಡುವುದು, ಕುತ್ತಿಗೆ ತಿರುಚುವುದು, ಕಾಲು ಸೋಲುವುದು ಕಂಡುಬಂದರೆ ಅದು ಬಹುಶಃ ರಾಣಿಖೇತ್. ಕನ್ನಡದಲ್ಲಿ ಕೊಕ್ಕರೆ ರೋಗವೆನ್ನುವುದು ಇದಕ್ಕೇ. ಕುಮಾವೂನ್ ಬೆಟ್ಟಸಾಲಿನ ಊರೊಂದರ ಹೆಸರು ಹೊತ್ತ ಈ ರೋಗ ವೈರಸ್ಸಿನಿಂದ ಬರುವಂಥದು. ಇದಕ್ಕೆ ಮದ್ದಿಲ್ಲ. ಔಷಧದಂಗಡಿಯ ಆಂಟಿಬಯಾಟಿಕ್ ಕ್ಯಾಪ್ಸೂಲ್ ಬಿಡಿಸಿ ಅನ್ನದಲ್ಲಿ ಕಲಸಿ ತಿನ್ನಿಸಿದರೆ ವೈರಸ್ ಸಾಯುವುದಿಲ್ಲ.

ಬೀದಿಗೊಂದು ಬಾಟಲಿ

ಮದ್ದಿಲ್ಲದ ಈ ರೋಗಕ್ಕೆ ಲಸಿಕೆಯಿದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಸುಮಾರು ಎಂಟು ವಾರಕ್ಕೆ ರೆಕ್ಕೆಯಡಿ ಒಂದು ಚುಚ್ಚುಮದ್ದು. ಹೆಬ್ಬಾಳದ ಗಿರಿರಾಜ, ಸ್ವರ್ಣಧಾರಾ ತಳಿಗಳಿಗೂ ಇದು ಬೇಕೇ ಬೇಕು. ತೊಡಕಿರುವುದು ಬೇರೆ ಕಡೆ. ಒಂದು ಬಾಟಲಿಯಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗಾಗುವಷ್ಟು ಲಸಿಕೆ ಇರುತ್ತದೆ. ಮಂಜುಗಡ್ಡೆಯಲ್ಲಿಟ್ಟು ತಂದು, ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಹತ್ತು ಕೋಳಿಯ ಮನೆಯವರು ಬಾಟಲಿ ಒಡೆದು ಉಳಿದದ್ದನ್ನು ಚೆಲ್ಲಬೇಕೇ? ಬೇಡ. ಬೀದಿಯ ಹತ್ತು ಮನೆಯವರು ಒಂದು ದಿನ ಗೊತ್ತುಮಾಡಿಕೊಂಡು ಪಶು ಆಸ್ಪತ್ರೆಯವರನ್ನು ಕರೆಸಿದರೆ ಕೆಲಸ ಸಲೀಸು. ಕೋಳಿಗಳು ಗೂಡಿನಲ್ಲೇ ಇರುವ ಮುಂಜಾನೆ ಒಳ್ಳೆಯ ಹೊತ್ತು. ಒಂದು ವಾರ ಮೊದಲೇ ಜಂತಿನ ಔಷಧ ಕೊಟ್ಟಿದ್ದರೆ ಇನ್ನೂ ಮೇಲು. ಆಗಲೇ ಕಾಯಿಲೆ ಬಿದ್ದ ಕೋಳಿಗೆ ಮಾತ್ರ ಲಸಿಕೆ ಹಾಕಬಾರದು.

ಕೊನೆಯದಾಗಿ ಒಂದು ಮಾತು. ಎರಡು ಕೋಳಿ ಸತ್ತೊಡನೆ ಉಳಿದವನ್ನು ಬುಟ್ಟಿಗೆ ತುಂಬಿ ಸಂತೆಗೆ ಒಯ್ಯುವ ರೂಢಿ ನಮ್ಮಲ್ಲಿದೆ. ಬಡವರ ಕಷ್ಟ ಅರ್ಥವಾಗುವಂಥದೇ. ಆದರೆ ಆ ಬುಟ್ಟಿಯೊಡನೆ ರೋಗ ಇನ್ನೊಬ್ಬ ಬಡವರ ಹಿತ್ತಲು ಸೇರುತ್ತದೆ. ಸತ್ತದ್ದನ್ನು ಕೆರೆಗೆಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಿ. ಹೊಸದಾಗಿ ಕೊಂಡು ತಂದ ಕೋಳಿಯನ್ನು ಎರಡು ವಾರ ಬೇರೆಯೇ ಇಡಿ. ಒಮ್ಮೆಗೇ ಹಲವು ಕೋಳಿಗಳು ಸತ್ತರೆ ಮುಟ್ಟದೆ, ತಿನ್ನದೆ ಪಶು ಆಸ್ಪತ್ರೆಗೆ ತಿಳಿಸಿ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡ ಮೇಲೆ ಈ ಎಚ್ಚರ ಕೋಳಿಗಷ್ಟೇ ಅಲ್ಲ, ಮನೆಯ ಮಂದಿಗೂ ಅಗತ್ಯವಾಗಿದೆ.